ಊರಿನ ನಕಾಶೆಯೂ ಊರಿನ ಜನರೂ

ಪ್ರಜೆಗಳ ನಿತ್ಯಜೀವನವನ್ನು ಆಳುವ ಕಾನೂನುಗಳಲ್ಲಿ ಎಲ್ಲಕ್ಕಿಂತ ಕಡಿಮೆ ಚರ್ಚೆಗೆ ಒಳಗಾಗುವದು ಯಾವದೆಂದು ಯಾರಾದರೂ ಕೇಳಿದರೆ, ಅದು ನಗರಯೋಜನೆಯ ಕಾನೂನೆಂದು ನಾವು ನಿಸ್ಸಂಕೋಚವಾಗಿ ಹೇಳುವೆವು. ನೀರಿನ ಪಟ್ಟಿಯು ಹತ್ತು ರೂಪಾಯಿ ಏರಿದರೆ ಸಭೆಗಳು ಸೇರುತ್ತವೆ, ಮನವಿಪತ್ರಗಳು ಸಲ್ಲುತ್ತವೆ. ಆದರೆ ಇಂಥ ಓಣಿಯಲ್ಲಿ ಅಂಗಡಿ ಇಡಬಹುದೋ ಬಾರದೋ, ಇಂಥ ಹೊಲವು ಮನೆಯ ನಿವೇಶನವಾಗುವದೋ ಹೊಲವಾಗಿಯೇ ಉಳಿಯುವದೋ, ರಸ್ತೆಯು ಅಗಲವಾಗುವಾಗ ಯಾರ ಪಡಸಾಲೆಯು ಬೀಳುವದು, ಸಂತೆಯು ಎಲ್ಲಿ ನೆರೆಯುವದು, ಊರ ಕಸವು ಯಾರ ಹಿತ್ತಲ ಬಳಿ ಬೀಳುವದು ಎಂಬಿವೆಲ್ಲವನ್ನೂ ಅನೇಕ ವರ್ಷಗಳ ಮಟ್ಟಿಗೆ ನಿರ್ಣಯಿಸಿಬಿಡುವ ಬಣ್ಣದ ನಕಾಶೆಯೊಂದು ಸಿದ್ಧವಾಗಿ, ಮಂಜೂರಾಗಿ ಬಂದರೂ ಊರಿಗೆ ಅದರ ಸುದ್ದಿಯೇ ಇರುವದಿಲ್ಲ. ತನ್ನ ಮನೆಯ ಗೋಡೆಯ ಮೇಲೆ ಕೆಂಪು ಗೆರೆ ಬಿದ್ದ ದಿನವೇ ಗೃಹಸ್ಥನಿಗೆ ಅಂಥದೊಂದು ನಕಾಶೆ ಇದ್ದ ಸಂಗತಿಯು ತಿಳಿಯುವದು. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಯ ಬಾಗಿಲು ಹಾಕಿದರೆ ಏನು ಪ್ರಯೋಜನ?

ಇಂದು ಈ ವಿಷಯವನ್ನು ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ನಾಲ್ಕು ಊರುಗಳನ್ನು ಕಣ್ಣ ಮುಂದಿಟ್ಟುಕೊಂಡು ವಿಚಾರ ಮಾಡಬೇಕೆಂದಿದ್ದೇವೆ. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಹುಟ್ಟಿದ ಈ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಸುಮಾರು 16 ಲಕ್ಷ ಜನರಿದ್ದರು. ಅವರಲ್ಲಿ ಪಟ್ಟಣವಾಸಿಗಳು ನೂರಕ್ಕೆ 22ರಷ್ಟು ಮಾತ್ರ. ಆದುದರಿಂದ ನಗರಯೋಜನೆಯೆಂಬುದು ಬೆಂಗಳೂರು, ಹುಬ್ಬಳ್ಳಿಗಳ ಮಾತು, ನಮ್ಮಂಥ ತಾಲೂಕಿನ ಊರುಗಳಿಗೆ ಅದರ ಗೊಡವೆ ಏಕೆಂದು ಕೇಳುವವರು ಬಹಳ. ನಮ್ಮ ಮತದಲ್ಲಿ ಇದು ತಪ್ಪು ಕಲ್ಪನೆ. ದೊಡ್ಡ ನಗರವು ಮಾಡಿದ ತಪ್ಪನ್ನು ಮೇಲುಸೇತುವೆ ಕಟ್ಟಿಯೋ ಹಣ ಸುರಿದೋ ಅರ್ಧಮರ್ಧವಾದರೂ ತಿದ್ದಿಕೊಳ್ಳಬಲ್ಲದು. ಚಿಕ್ಕ ಊರಿಗೆ ಆ ಶಕ್ತಿ ಇಲ್ಲ. ಇದ್ದ ಒಂದು ಕೆರೆಯ ಅಂಗಳವು ನಿವೇಶನಗಳಾದರೆ ಅದಕ್ಕೆ ಇನ್ನೊಂದು ಕೆರೆ ದೊರೆಯುವದಿಲ್ಲ.

ಊರನ್ನು ಮೊದಲೇ ಯೋಚಿಸಿ ಬೆಳೆಸಬೇಕೆಂಬ ವಿಚಾರವು ನಮ್ಮಲ್ಲಿಗೆ ಬಂದದ್ದು ಮಹಾಮಾರಿಯ ಬೆನ್ನು ಹತ್ತಿ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಹುಬ್ಬಳ್ಳಿ, ಬೆಂಗಳೂರುಗಳವರೆಗೆ ಹಬ್ಬಿ ಇಕ್ಕಟ್ಟಾದ ಓಣಿಗಳಲ್ಲಿ ಮನೆಮನೆಗಳನ್ನು ಬರಿದು ಮಾಡಿದಾಗ, ಗಾಳಿ ಬೆಳಕುಗಳು ವೈದ್ಯನಷ್ಟೇ ಅವಶ್ಯವೆಂಬ ಮಾತು ಅಧಿಕಾರಿಗಳಿಗೆ ಮನವರಿಕೆಯಾಯಿತು. 1898ರಲ್ಲಿ ಮುಂಬಯಿಯ ಸುಧಾರಣಾ ಟ್ರಸ್ಟು ಹುಟ್ಟಿತು. ಬೆಂಗಳೂರಿನಲ್ಲಿ ಮಲ್ಲೇಶ್ವರ, ಬಸವನಗುಡಿಗಳೆಂಬ ಬಡಾವಣೆಗಳು ಎದ್ದವು. 1915ರಲ್ಲಿ ಮುಂಬಯಿ ಸರಕಾರವು ಈ ದೇಶದಲ್ಲಿಯೇ ಮೊದಲನೆಯದಾದ ನಗರಯೋಜನೆಯ ಕಾನೂನನ್ನು ಮಾಡಿತು. ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರುಗಳು ಆಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯವು. ಸವಣೂರು ಮಾತ್ರ ನವಾಬರ ಸಂಸ್ಥಾನವಾಗಿದ್ದು, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು.

ಅದೇ ಕಾಲದಲ್ಲಿ ಹಿಂದುಸ್ಥಾನಕ್ಕೆ ಬಂದು ಇಲ್ಲಿಯ ಅನೇಕ ಊರುಗಳನ್ನು ಕಾಲ್ನಡಿಗೆಯಿಂದ ಸುತ್ತಿ ವರದಿಗಳನ್ನು ಬರೆದ ಸ್ಕಾಟ್ಲಂಡಿನ ಪಂಡಿತ ಪ್ಯಾಟ್ರಿಕ್ ಗೆಡ್ಡಿಸ್ ಅವರು ಒಂದು ಹಿತವಚನವನ್ನು ಹೇಳಿದ್ದರು. ನೇರವಾದ ಅಗಲ ರಸ್ತೆಯ ಮೋಹದಿಂದ ಹಳೆಯ ಓಣಿಗಳನ್ನು ಕೆಡವುವದು ರೋಗಕ್ಕಿಂತ ಕೆಟ್ಟ ಔಷಧ. ಮೊದಲು ಊರನ್ನೂ ಅದರ ಜನರನ್ನೂ ಅರಿಯಬೇಕು. ಆಮೇಲೆ ಕತ್ತರಿಯನ್ನು ಎಷ್ಟು ಅವಶ್ಯವೋ ಅಷ್ಟೇ ಆಡಿಸಬೇಕು. ಇದು ಅವರ ಬೋಧೆಯ ಸಾರವು. ನೂರು ವರ್ಷಗಳು ಸಂದರೂ ನಮ್ಮ ಯೋಜಕರು ಈ ಪಾಠವನ್ನು ಪೂರ್ಣವಾಗಿ ಕಲಿತಂತೆ ಕಾಣುವದಿಲ್ಲ.

ಇಂದು ನಮ್ಮ ರಾಜ್ಯದಲ್ಲಿ ನಡೆಯುವದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾನೂನು. ಯಾವದಾದರೊಂದು ಊರು ಸುತ್ತಲಿನ ಹಳ್ಳಿಗಳೊಡನೆ ಯೋಜನಾ ಕ್ಷೇತ್ರವೆಂದು ಘೋಷಿತವಾದರೆ ಅದಕ್ಕೆ ಒಂದು ಪ್ರಾಧಿಕಾರವು ನೇಮಕವಾಗುವದು. ಆ ಪ್ರಾಧಿಕಾರವು ಮಹಾಯೋಜನೆಯನ್ನು ಸಿದ್ಧಪಡಿಸುವದು. ವಾಸಕ್ಕೆ ಹಳದಿ, ವ್ಯಾಪಾರಕ್ಕೆ ನೀಲಿ, ಉದ್ಯಮಕ್ಕೆ ನೇರಳೆ, ಉದ್ಯಾನಕ್ಕೆ ಹಸುರು ಎಂದು ನೆಲವೆಲ್ಲ ಬಣ್ಣಗಳಿಂದ ವಿಂಗಡವಾಗುವದು. ಕರಡನ್ನು ಪ್ರಕಟಿಸಿದ ಮೇಲೆ 60 ದಿನಗಳೊಳಗೆ ಯಾವ ಪ್ರಜೆಯಾದರೂ ತನ್ನ ಅಭಿಪ್ರಾಯವನ್ನು ಬರೆದು ತಿಳಿಸಬಹುದು. ಹತ್ತು ವರ್ಷಗಳಿಗೊಮ್ಮೆ ಯೋಜನೆಯನ್ನು ಪುನರ್ವಿಮರ್ಶೆ ಮಾಡಬೇಕು. ಕಾಗದದ ಮೇಲೆ ಇದು ನ್ಯಾಯವಾದ ಕ್ರಮವೇ. ಆದರೆ ಆ 60 ದಿನಗಳ ಬಾಗಿಲು ತೆರೆದದ್ದೂ ಮುಚ್ಚಿದ್ದೂ ಊರಿನವರಿಗೆ ಗೊತ್ತಾಗದಿದ್ದರೆ ಆ ಬಾಗಿಲು ಇದ್ದೇನು ಫಲ?

ನಾಲ್ಕು ಊರುಗಳಲ್ಲಿ ಮೊದಲು ಹಾನಗಲ್ಲನ್ನು ತೆಗೆದುಕೊಳ್ಳೋಣ. ಇದು ಕದಂಬರ ಒಂದು ಶಾಖೆಯ ರಾಜಧಾನಿಯಾಗಿದ್ದ ಪ್ರಾಚೀನ ಪಾನುಂಗಲ್ಲು. ಇಲ್ಲಿಯ ತಾರಕೇಶ್ವರ ದೇವಾಲಯವು ಚಾಲುಕ್ಯಶಿಲ್ಪದ ಕೀರ್ತಿಗಳಲ್ಲೊಂದು. ಅದರ ಛತ್ತಿನ ಕಲ್ಲಿನ ಕಮಲವನ್ನು ಕಂಡವರು ಮರೆಯಲಾರರು. ಅದನ್ನು ಕಾಯಬೇಕೆಂಬ ವಿಷಯದಲ್ಲಿ ಎರಡು ಮಾತಿಲ್ಲ. ಆದರೆ 1992ರ ಪ್ರಕಟನೆಯಿಂದಲೂ, ಅದನ್ನು ಕಾನೂನಾಗಿ ಬಲಪಡಿಸಿದ 2010ರ ತಿದ್ದುಪಡಿಯಿಂದಲೂ ಕೇಂದ್ರ ಸರಕಾರದ ರಕ್ಷಣೆಯಲ್ಲಿರುವ ಪ್ರತಿಯೊಂದು ಸ್ಮಾರಕದ ಸುತ್ತ 100 ಮೀಟರುಗಳು ನಿಷೇಧಿತ ಕ್ಷೇತ್ರ, ಅದರಾಚೆಯ 200 ಮೀಟರುಗಳು ನಿಯಂತ್ರಿತ ಕ್ಷೇತ್ರ. ಬಯಲಿನಲ್ಲಿ ಒಂಟಿಯಾಗಿ ನಿಂತ ಗುಡಿಗೂ ಜನವಸತಿಯ ನಡುವೆ ನಿಂತ ಗುಡಿಗೂ ಅಳತೆಯ ಹಗ್ಗವು ಒಂದೇ. ನಿಷೇಧಿತ ಕ್ಷೇತ್ರದೊಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ; ಇದ್ದ ಮನೆಯ ದುರಸ್ತಿಗೂ ಅಪ್ಪಣೆ ಬೇಕು.

ಇದರ ಅರ್ಥವನ್ನು ದಿಲ್ಲಿಯಲ್ಲಿ ಕುಳಿತವರಿಗಿಂತ ಗುಡಿಯ ಮಗ್ಗುಲಿನ ಮಣ್ಣುಗೋಡೆಯ ಮನೆಯವನು ಚೆನ್ನಾಗಿ ಬಲ್ಲನು. ಹಾನಗಲ್ಲು ಅರೆಮಲೆನಾಡು, ಇಲ್ಲಿಯ ಜಡಿಮಳೆಗೆ ಗೋಡೆಯೊಂದು ಜರಿದರೆ, ಅದನ್ನು ಎತ್ತಿ ಕಟ್ಟುವದು ದುರಸ್ತಿಯೋ ಹೊಸ ಕಟ್ಟಡವೋ ಎಂಬ ತರ್ಕವು ಮುಗಿಯುವವರೆಗೆ ಮಳೆಯು ಕಾಯ್ದು ನಿಲ್ಲುವದಿಲ್ಲ. ಅಪ್ಪಣೆಯ ಕಾಗದವು ತಾಲೂಕಿನಾಚೆ, ಜಿಲ್ಲೆಯಾಚೆ, ದಿಲ್ಲಿಯ ಪ್ರಾಧಿಕಾರದವರೆಗೆ ಹೋಗಿ ಬರಬೇಕು. ಹೀಗಾಗಿ ನಿಯಮವನ್ನು ಪಾಲಿಸಬೇಕೆನ್ನುವವನು ಸೋರುವ ಮಾಳಿಗೆಯ ಕೆಳಗೆ ಇರುವನು. ಪಾಲಿಸದವನು ರಾತ್ರೋರಾತ್ರಿ ಕಟ್ಟಿಕೊಳ್ಳುವನು. ಸ್ಮಾರಕಕ್ಕೂ ಇದರಿಂದ ಹಿತವಿಲ್ಲ. ವಿಶೇಷವೇನಂದರೆ, ಪ್ರತಿಯೊಂದು ಸ್ಮಾರಕದ ಪರಿಸ್ಥಿತಿಯನ್ನು ನೋಡಿ ಅದಕ್ಕೆ ತಕ್ಕ ಪ್ರತ್ಯೇಕ ಉಪವಿಧಿಗಳನ್ನು ರಚಿಸಬೇಕೆಂದು ಅದೇ 2010ರ ಕಾನೂನು ಹೇಳಿದೆ. ಗುಡಿಯನ್ನೂ ಗುಡಿಯ ನೆರೆಯವರನ್ನೂ ಒಟ್ಟಿಗೆ ಕಾಯುವ ದಾರಿಯು ಅಲ್ಲಿದೆ. ಹಾನಗಲ್ಲಿನ ನಾಗರಿಕರು ಕೇಳಬೇಕಾದದ್ದು ಇದನ್ನೇ.

ಶಿಗ್ಗಾಂವಿಯ ಪ್ರಶ್ನೆ ಬೇರೆ. ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯು ಈ ಊರಿನ ಮಗ್ಗುಲಲ್ಲಿಯೇ ಹಾಯ್ದುಹೋಗುವದು. ಹೆದ್ದಾರಿಯೆಂಬುದು ಊರಿನ ಪಾಲಿಗೆ ಹೊಳೆಯಿದ್ದಂತೆ. ಅದು ಸಂಪತ್ತನ್ನೂ ತರುವದು, ಅಪಾಯವನ್ನೂ ತರುವದು. ನಿಲ್ದಾಣ, ಖಾನಾವಳಿ, ಗ್ಯಾರೇಜು, ಗೋದಾಮು, ಕಾಲೇಜು ಎಲ್ಲವೂ ಹೆದ್ದಾರಿಯ ಅಂಚನ್ನೇ ಹಿಡಿದು ಉದ್ದಕ್ಕೆ ಬೆಳೆಯಲು ಹವಣಿಸುತ್ತವೆ. ಇದೇ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪಿತವಾದ ಜಾನಪದ ವಿಶ್ವವಿದ್ಯಾಲಯವೂ ಈ ಮಾರ್ಗದ ಸೆಳೆತಕ್ಕೆ ಸೇರಿದ್ದೇ. ಇಂಗ್ಲಂಡಿನಲ್ಲಿ ಇಂಥ ಪಟ್ಟಿಬೆಳವಣಿಗೆಯು ಮಿತಿಮೀರಿದಾಗ 1935ರಲ್ಲಿ ಅದನ್ನು ತಡೆಯುವದಕ್ಕೆ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ಊರು ಉದ್ದಕ್ಕೆ ಬೆಳೆದರೆ ಚರಂಡಿ, ನೀರಿನ ನಳ, ಬೀದಿಯ ದೀಪಗಳ ಖರ್ಚು ಬೆಳೆಯುವದು. ಎಲ್ಲಕ್ಕೂ ಮಿಗಿಲಾಗಿ, ಶಾಲೆಗೆ ಹೋಗುವ ಮಗುವೂ ಹೊಲಕ್ಕೆ ಹೋಗುವ ಹೆಣ್ಣುಮಗಳೂ ದಿನಕ್ಕೆರಡು ಸಲ ಜೀವವನ್ನು ಕೈಯಲ್ಲಿ ಹಿಡಿದು ರಸ್ತೆಯನ್ನು ದಾಟಬೇಕಾಗುವದು.

ಶಿಗ್ಗಾಂವಿ ಕ್ಷೇತ್ರದ ಪ್ರತಿನಿಧಿಗಳಾಗಿದ್ದ ಶ್ರೀ ಬಸವರಾಜ ಬೊಮ್ಮಾಯಿಯವರು 2021ರ ಜುಲೈಯಿಂದ 2023ರ ಮೇ ತಿಂಗಳವರೆಗೆ ರಾಜ್ಯದ ಮುಖ್ಯಮಂತ್ರಿಗಳಾಗಿದ್ದರು. ಅಂಥ ಯೋಗವು ಎಲ್ಲ ಊರುಗಳಿಗೂ ಎಲ್ಲ ಕಾಲಕ್ಕೂ ಒದಗುವಂಥದಲ್ಲ. ದೊಡ್ಡವರ ಕೃಪೆಯಿಂದ ಕಟ್ಟಡಗಳು ಬರಬಹುದು. ಆದರೆ ಯಾವ ಕಟ್ಟಡವು ಎಲ್ಲಿ ಇರತಕ್ಕದ್ದೆಂಬ ವಿವೇಕವು ಊರಿನೊಳಗಿಂದಲೇ ಹುಟ್ಟಬೇಕು. ಅಧಿಕಾರವು ಬಂದು ಹೋಗುವದು. ತಪ್ಪಾದ ಜಾಗದಲ್ಲಿ ನಿಂತ ಕಟ್ಟಡವು ಮಾತ್ರ ಹೋಗುವದಿಲ್ಲ.

ಹಿರೇಕೆರೂರು ತನ್ನ ಹೆಸರಿನಲ್ಲಿಯೇ ಕೆರೆಯನ್ನು ಹೊತ್ತ ಊರು. ಗೋವಿನಜೋಳ, ಹತ್ತಿಗಳ ಈ ತಾಲೂಕಿನಲ್ಲಿ ನಗರಯೋಜನೆಯ ಪ್ರಶ್ನೆಯು ಹೊಲದ ಬದುವಿನಲ್ಲಿ ಹುಟ್ಟುವದು. ನಮ್ಮ ಭಾಗದ ತಾಲೂಕಿನ ಊರುಗಳಲ್ಲೆಲ್ಲ ನಡೆಯುತ್ತಿರುವ ವ್ಯವಹಾರವು ವಾಚಕರಿಗೆ ಪರಿಚಿತವೇ. ಊರಂಚಿನ ಹೊಲವನ್ನು ಒಬ್ಬನು ಕೊಳ್ಳುವನು; ಬಿನ್‌ಶೇತ್ಕಿಯ ಆಜ್ಞೆಯಾಗುವ ಮೊದಲೇ, ಕೆಲವು ವೇಳೆ ಆಗದೆಯೇ, ಕಲ್ಲು ನೆಟ್ಟು ಪ್ಲಾಟು ಹಾಕುವನು. ಶಿಕ್ಷಕನು, ಕಾರಕೂನನು, ಎರಡು ಎಕರೆ ಮಾರಿ ಮಕ್ಕಳ ಓದಿಗೆಂದು ಊರಿಗೆ ಬಂದ ರೈತನು ತಮ್ಮ ಜೀವಮಾನದ ಗಳಿಕೆಯನ್ನು ಸುರಿದು ಕೊಳ್ಳುವರು. ಆಮೇಲೆ ತಿಳಿಯುವದು ಏನೆಂದರೆ, ನಕಾಶೆಯಲ್ಲಿ ಆ ನೆಲವು ಹಸುರು, ಬಡಾವಣೆಗೆ ಮಂಜೂರಿ ಇಲ್ಲ, ಉತಾರವು ಹೊರಡುವದಿಲ್ಲ, ಉತಾರವಿಲ್ಲದೆ ಬ್ಯಾಂಕಿನ ಸಾಲವಿಲ್ಲ, ರಸ್ತೆ, ಚರಂಡಿಗಳನ್ನು ಕೇಳಹೋದರೆ ನೀವು ಅನಧಿಕೃತರೆಂಬ ಉತ್ತರ.

ಇಂಥವರ ಸಂಖ್ಯೆಯು ಲಕ್ಷಗಟ್ಟಲೆ ಬೆಳೆದಾಗ ಸರಕಾರವು ಅಕ್ರಮ–ಸಕ್ರಮ ಎಂಬ ಯೋಜನೆಯನ್ನು ತಂದಿತು. 2014ರಲ್ಲಿ ಅದರ ನಿಯಮಗಳು ಹೊರಟವು. 2017ರ ಜನೇವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದಕ್ಕೆ ತಡೆಯಾಜ್ಞೆ ಕೊಟ್ಟಿತು. 2025ರ ಫೆಬ್ರುವರಿಯಲ್ಲಿ ಇಂಥ ಸ್ವತ್ತುಗಳಿಗೆ ಬಿ-ಖಾತೆ ಕೊಡುವ ಮೂರು ತಿಂಗಳ ಅಭಿಯಾನವು ರಾಜ್ಯದ ನಗರ ಸಂಸ್ಥೆಗಳಲ್ಲಿ ಆರಂಭವಾಯಿತು. ಅದು ಬಡವನಿಗೆ ಒಂದಿಷ್ಟು ನೆಮ್ಮದಿ ಕೊಟ್ಟಿತೆಂಬುದನ್ನು ನಾವು ಒಪ್ಪುವೆವು. ಆದರೆ ಬಿ-ಖಾತೆಯು ತೆರಿಗೆ ವಸೂಲಿಯ ದಾಖಲೆಯೇ ಹೊರತು ಇಕ್ಕಟ್ಟಾದ ಬಡಾವಣೆಗೆ ಉದ್ಯಾನವನ್ನೂ ಮಳೆನೀರಿನ ಕಾಲುವೆಯನ್ನೂ ಅದು ಹುಟ್ಟಿಸಿಕೊಡಲಾರದು. ಇಲ್ಲಿ ಶಿಕ್ಷೆಯಾದದ್ದು ಯಾರಿಗೆಂಬುದನ್ನು ವಿಚಾರಿಸಿರಿ. ಪ್ಲಾಟು ಹಾಕಿ ಮಾರಿದವನು ಹಣವನ್ನು ಗಂಟುಕಟ್ಟಿಕೊಂಡು ಹೋದನು. ಕೊಂಡವನು ಕಚೇರಿಯಿಂದ ಕಚೇರಿಗೆ ಅಲೆದನು. ಕಲ್ಲು ನೆಡುವ ದಿನವೇ ಅಧಿಕಾರಿಯು ಬಂದು ತಡೆದಿದ್ದರೆ ಈ ಅನರ್ಥವೇ ಆಗುತ್ತಿರಲಿಲ್ಲ.

ಇನ್ನು ಸವಣೂರು. ಈ ಊರಿನ ವೀಳ್ಯದೆಲೆ, ಊರ ಮಠದ ಬಳಿಯ ಬೃಹದಾಕಾರದ ದೊಡ್ಡಹುಣಸೆಯ ಮರಗಳು, ನವಾಬರ ಕಾಲದ ಮೋತಿ ತಲಾಬ ಇವು ನಾಡಿನವರಿಗೆ ತಿಳಿದ ಸಂಗತಿಗಳು. ಕವಿವರ್ಯ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ ಊರಿದು. ಆದರೆ 2010ರ ಜುಲೈ ತಿಂಗಳಲ್ಲಿ ಇಲ್ಲಿ ನಡೆದದ್ದು ನಾಡೆಲ್ಲ ತಲೆತಗ್ಗಿಸುವಂಥ ಸಂಗತಿ. ತಲೆಮಾರುಗಳಿಂದ ಊರಿನ ಮಲವನ್ನು ಹೊತ್ತು ಊರನ್ನು ಶುಚಿಯಾಗಿಟ್ಟ ಕೆಲವು ಕುಟುಂಬಗಳು ತಾವಿದ್ದ ಜಾಗವನ್ನು ಬಿಡಬೇಕಾದ ಪ್ರಸಂಗ ಬಂದಿತು. ಆ ನೆಲದ ಮೇಲೆ ವ್ಯಾಪಾರದ ಮಳಿಗೆಗಳ ಸಂಕೀರ್ಣವು ಏಳಬೇಕಿತ್ತೆಂದು ಅಂದಿನ ವರದಿಗಳು ಹೇಳಿದವು. ಬೇರೆ ಯಾವ ರೀತಿಯಿಂದಲೂ ತಮ್ಮ ಮಾತು ಕೇಳಿಸದೆ ಹೋದಾಗ ಆ ಜನರು ಪುರಸಭೆಯ ಕಚೇರಿಯೆದುರಿಗೆ ನಿಂತು ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡರು.

ಮಲ ಹೊರಿಸುವದನ್ನು ಕೇಂದ್ರದ ಕಾನೂನು 1993ರಲ್ಲಿಯೇ ನಿಷೇಧಿಸಿತ್ತು. ಅದಕ್ಕೂ ಬಹಳ ಮೊದಲು, 1970ರ ದಶಕದಲ್ಲಿ, ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಶ್ರೀ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಲ್ಲಿಸಲು ಆಜ್ಞೆ ಹೊರಡಿಸಿದ್ದರು. ಸವಣೂರಿನ ಘಟನೆಯು ದೇಶದ ಕಣ್ಣು ತೆರೆಯಿಸಿದವುಗಳಲ್ಲಿ ಒಂದು. 2013ರಲ್ಲಿ ಪುನರ್ವಸತಿಯನ್ನೂ ಒಳಗೊಂಡ ಹೊಸ ಕಾನೂನು ಬಂದಿತು. ಆದರೆ ನಾವಿಲ್ಲಿ ವಾಚಕರ ಲಕ್ಷ್ಯವನ್ನು ಸೆಳೆಯಬೇಕಾದದ್ದು ಇನ್ನೊಂದು ಅಂಶಕ್ಕೆ. ಆ ಕಲಹದ ಬೇರು ನೆಲದ ಉಪಯೋಗದಲ್ಲಿತ್ತು. ಊರ ನಡುವಿನ ನೆಲಕ್ಕೆ ಬೆಲೆ ಬಂದಾಗ ಮಳಿಗೆಯ ಬಾಡಿಗೆಯು ಲೆಕ್ಕದ ಪುಸ್ತಕದಲ್ಲಿ ಕಾಣುವದು. ಅಲ್ಲಿ ಬಾಳುವವರ ಬದುಕು ಯಾವ ಪುಸ್ತಕದಲ್ಲಿಯೂ ಕಾಣುವದಿಲ್ಲ. ಊರನ್ನು ಶುಚಿ ಮಾಡಿದವರಿಗೆ ಊರಿನೊಳಗೆ ಜಾಗವಿಲ್ಲವೆಂದು ಹೇಳುವ ನಕಾಶೆಯು ಎಷ್ಟೇ ಸುಂದರವಾಗಿರಲಿ, ಅದು ಊರಿನ ನಕಾಶೆಯಲ್ಲ.

ನಾಲ್ಕು ಊರುಗಳ ನಾಲ್ಕು ಪ್ರಶ್ನೆಗಳು ಬೇರೆಯಾಗಿ ತೋರಿದರೂ ಮೂಲವು ಒಂದೇ. ನೆಲದ ವಿಷಯದ ನಿರ್ಣಯವು ಅದರ ಮೇಲೆ ಬಾಳುವವರ ಅರಿವಿಗೆ ಬಾರದೆ ಆಗುವದೇ ಆ ಮೂಲ. 1992ರಲ್ಲಿ ಸಂವಿಧಾನಕ್ಕೆ 74ನೆಯ ತಿದ್ದುಪಡಿ ಮಾಡಿ 12ನೆಯ ಅನುಸೂಚಿಯನ್ನು ಸೇರಿಸಿದಾಗ ನಗರ ಸಂಸ್ಥೆಗಳಿಗೆ ವಹಿಸತಕ್ಕ ವಿಷಯಗಳಲ್ಲಿ ಮೊದಲನೆಯದಾಗಿ ನಗರಯೋಜನೆಯನ್ನೇ ಹೆಸರಿಸಲಾಯಿತು. ಆದರೆ ಕೌನ್ಸಿಲರುಗಳಿದ್ದರೂ ಅಧ್ಯಕ್ಷರಿಲ್ಲದೆ ಪುರಸಭೆಗಳು ಆಡಳಿತಾಧಿಕಾರಿಗಳ ಕೈಯಲ್ಲಿ ಇದ್ದದ್ದನ್ನು ನಾವು 2018ರ ಚುನಾವಣೆಗಳ ತರುವಾಯವೂ, 2023–24ರಲ್ಲಿಯೂ ರಾಜ್ಯದ ಅನೇಕ ಕಡೆಗಳಲ್ಲಿ ಕಂಡಿದ್ದೇವೆ. 2021ರಲ್ಲಿ ಆಗಬೇಕಿದ್ದ ಜನಗಣತಿಯು ಆ ವರ್ಷ ಆಗಲೇ ಇಲ್ಲ. ಹತ್ತಾರು ವರ್ಷಗಳ ಹಿಂದಿನ ತಲೆಯೆಣಿಕೆಯನ್ನು ನಂಬಿ ಮುಂದಿನ ಕಾಲದ ನೀರು, ಶಾಲೆ, ರಸ್ತೆಗಳನ್ನು ಅಳೆಯಹೊರಟರೆ ಅಂಗಿಯು ಮೈಗೆ ಹತ್ತುವದು ಹೇಗೆ?

ಅಧಿಕಾರಿವರ್ಗದವರು ಹೇಳುವ ಒಂದು ಮಾತಿದೆ; ಅದರಲ್ಲಿ ಸತ್ಯಾಂಶವೂ ಇದೆ. ಜನರನ್ನು ಕೇಳುತ್ತ ಕುಳಿತರೆ ಪ್ರತಿಯೊಬ್ಬನೂ ರಸ್ತೆಯು ಪಕ್ಕದವನ ಮನೆಯನ್ನೇ ಕಡಿಯಲಿ ಎನ್ನುವನು; ಹೀಗಾದರೆ ಊರಿಗೆ ಶಿಸ್ತು ಬರುವದೆಂತು ಎಂದು ಅವರು ಕೇಳುತ್ತಾರೆ. ಶಿಸ್ತು ಬೇಡವೆಂದು ನಾವು ಹೇಳುತ್ತಿಲ್ಲ. ಯೋಜನೆಯಿಲ್ಲದ ಊರಿನಲ್ಲಿ ಬಲಿಷ್ಠನಿಗೆ ಮಾತ್ರ ಸ್ವಾತಂತ್ರ್ಯ. ಕೆರೆಯನ್ನು ತುಂಬುವವನೂ ಕಾಲುವೆಯನ್ನು ಮುಚ್ಚುವವನೂ ಬಡವನಲ್ಲ. ಮಳೆ ಜೋರಾದ ವರ್ಷ ನೀರು ಹೊಗುವದು ಮಾತ್ರ ಬಡವನ ಮನೆಯನ್ನು. ಆದುದರಿಂದ ಯೋಜನೆಯು ಬೇಕು. ಆದರೆ ಅದು ನಮ್ಮ ಊರುಗಳ ಸ್ವಭಾವಕ್ಕೆ ಹೊಂದಿದ ಯೋಜನೆಯಾಗಿರಬೇಕು. ವಾಸ ಬೇರೆ, ವ್ಯಾಪಾರ ಬೇರೆ ಎಂದು ಗೆರೆ ಕೊರೆಯುವ ಪದ್ಧತಿಯು 1916ರಲ್ಲಿ ನ್ಯೂಯಾರ್ಕಿನಂಥ ಮಹಾನಗರದಲ್ಲಿ ಜಾರಿಗೆ ಬಂದದ್ದು. ನಮ್ಮ ಊರುಗಳಲ್ಲಿ ಪಡಸಾಲೆಯೇ ಅಂಗಡಿ, ಕಟ್ಟೆಯೇ ಕಾರ್ಖಾನೆ. ಹೊಲಿಗೆಯ ಯಂತ್ರವಿಟ್ಟು ಮನೆ ನಡೆಸುವ ವಿಧವೆಗೂ ಹಿಟ್ಟಿನ ಗಿರಣಿಯವನಿಗೂ ಒಂದೇ ಬಣ್ಣದ ನಿಯಮವನ್ನು ಹಚ್ಚುವದು ಬುದ್ಧಿಯಲ್ಲ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಕರಡು ನಕಾಶೆಯು ಕನ್ನಡದಲ್ಲಿ, ಓಣಿಗಳ ಪರಿಚಿತ ಹೆಸರುಗಳೊಡನೆ, ಸಂತೆಯ ಬಯಲಿನಲ್ಲಿಯೂ ಬಸ್ ನಿಲ್ದಾಣದಲ್ಲಿಯೂ ತೂಗಬೇಕು. ವಾರ್ಡುವಾರ್ಡಿಗೆ ಒಂದು ಸಭೆಯಾಗಿ ಅದನ್ನು ಓದಿ ತಿಳಿಸಬೇಕು. ಆಮೇಲೆಯೇ 60 ದಿನಗಳ ಲೆಕ್ಕವು ಆರಂಭವಾಗಲಿ. ಎರಡನೆಯದಾಗಿ, ಕೆರೆ, ಕಾಲುವೆ, ಸಂತೆಯ ಬಯಲು, ಸ್ಮಶಾನಗಳ ಮೇರೆಯನ್ನು ಮಿಕ್ಕೆಲ್ಲಕ್ಕಿಂತ ಮೊದಲು ಗುರುತಿಸಿ ಕಲ್ಲು ನೆಡಬೇಕು. ಮೂರನೆಯದಾಗಿ, ಬೀದಿಬದಿಯ ವ್ಯಾಪಾರಿಗಳ 2014ರ ಕಾನೂನಿನಂತೆ ಅವರ ಪ್ರತಿನಿಧಿಗಳೂ ಕುಳಿತ ಸಮಿತಿಯು ಜಾಗಗಳನ್ನು ಗೊತ್ತುಮಾಡಬೇಕು. 30 ದಿನಗಳ ತಿಳಿವಳಿಕೆಯಿಲ್ಲದೆ ಯಾರ ಬುಟ್ಟಿಯನ್ನೂ ಎತ್ತಬಾರದು. ನಾಲ್ಕನೆಯದಾಗಿ, ಬೇರೊಂದು ಮನೆಯು ಸಿದ್ಧವಾಗಿ ಅದರ ಕಾಗದವು ಕೈಗೆ ಬರುವ ತನಕ ಯಾವ ಕುಟುಂಬವನ್ನೂ ಊರಿನ ಹಿತದ ಹೆಸರಿನಲ್ಲಿ ಎಬ್ಬಿಸಬಾರದು. ಐದನೆಯದಾಗಿ, ಮಂಜೂರಿಯಿಲ್ಲದ ಪ್ಲಾಟುಗಳ ಸರ್ವೇ ನಂಬರುಗಳನ್ನು ಪ್ರತಿ ತಿಂಗಳೂ ತಹಸೀಲದಾರ ಕಚೇರಿಯ ಹಲಗೆಯ ಮೇಲೆ ಬರೆದು ತೂಗಹಾಕಬೇಕು. ಇದಕ್ಕೆ ಕೋಟಿಗಟ್ಟಲೆ ಹಣ ಬೇಡ. ಒಂದು ಹಲಗೆ, ಒಂದು ಸುಣ್ಣದ ಕಡ್ಡಿ, ಒಂದಿಷ್ಟು ಮನಸ್ಸು ಸಾಕು.

ನಾಗರಿಕರಿಗೂ ಒಂದು ಮಾತು. ರಾಷ್ಟ್ರದ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಹಿರಿಯರು ಊರಿನ ಚರಂಡಿಯ ಕೆಲಸವನ್ನು ಕೀಳೆಂದು ಬಗೆಯಲಿಲ್ಲ. ಸರದಾರ ವಲ್ಲಭಭಾಯಿಯವರು 1924ರಿಂದ 1928ರವರೆಗೆ ಅಹಮದಾಬಾದಿನ ಮುನಸಿಪಾಲಿಟಿಯ ಅಧ್ಯಕ್ಷರಾಗಿದ್ದರು. ಮೈಲಾರ ಮಹಾದೇವಪ್ಪನವರು 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಎದೆಯೊಡ್ಡಿದ್ದು ಇದೇ ಜಿಲ್ಲೆಯ ನೆಲದಲ್ಲಿ. ಆ ನೆಲದ ಒಂದೊಂದು ಗೇಣೂ ಹೇಗೆ ಉಪಯೋಗವಾಗಬೇಕೆಂಬುದನ್ನು ನೋಡಿ, ಕೇಳಿ, ಒಪ್ಪುವ ಇಲ್ಲವೆ ಒಪ್ಪದಿರುವ ಹಕ್ಕನ್ನು ನಾವು ಸೋಮಾರಿತನದಿಂದ ಬಿಟ್ಟುಕೊಟ್ಟರೆ, ಆ ಸ್ವರಾಜ್ಯವು ನಮ್ಮ ಓಣಿಯ ಬಾಯಿಗೆ ಬಂದು ನಿಂತಂತಾಗುವದು, ಒಳಗೆ ಬಂದಂತಾಗುವದಿಲ್ಲ. ನಿಮ್ಮ ಊರಿನ ನಕಾಶೆಯು ಎಲ್ಲಿದೆ, ಅದರಲ್ಲಿ ನಿಮ್ಮ ಓಣಿಗೆ ಯಾವ ಬಣ್ಣ ಹಚ್ಚಿದ್ದಾರೆ ಎಂಬುದನ್ನು ನಾಳೆಯೇ ಹೋಗಿ ಕೇಳಿರಿ. ಅದನ್ನು ತೋರಿಸುವದು ಅಧಿಕಾರಿಯ ಉಪಕಾರವಲ್ಲ, ಅವನ ಕರ್ತವ್ಯವು.